ಬೆನ್ನಿಗೆ ಹಾಕಿದ ಸ್ಕ್ರೂ ಲೂಸ್ ಆಗಿದೆ ಅಂದರೆ ಏನು? – ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟ್ರೇ, ಅಮ್ಮನಿಗೆ 66 ವರ್ಷ. ಸೊಂಟದ ನಾಲ್ಕನೇ ಬೆನ್ನೆಲುಬು, ಅಂದರೆ ಎಲ್4 ಕಶೇರು, ಅದರ ಕೆಳಗಿನ ಎಲ್5 ಮೇಲೆ ಮುಂದಕ್ಕೆ ಜಾರಿದೆ ಅಂತ 7 ತಿಂಗಳ ಹಿಂದೆ ನಾಲ್ಕು ಸ್ಕ್ರೂ, ಎರಡು ರಾಡ್ ಹಾಕಿದ್ದಾರೆ. ಎರಡರ ನಡುವಿನ ಡಿಸ್ಕ್ ಜಾಗದಲ್ಲಿ ಕೇಜ್ (ಆಸರೆಗಿಡುವ ಪುಟ್ಟ ಚೌಕಟ್ಟು) ಇಟ್ಟಿಲ್ಲ. ಕಾಲಿನ ಸೆಳೆತ ಪೂರ್ತಿ ಹೋಯ್ತು. ಈಗ ಕೂತಲ್ಲಿಂದ ಏಳುವಾಗ ಸೊಂಟ ಹಿಡಿಯುತ್ತೆ. ಎಲ್5ರ ಬಲಗಡೆ ಸ್ಕ್ರೂ ಲೂಸ್ ಇದೆ ಅಂತ ಎಕ್ಸ್‌ರೇ ರಿಪೋರ್ಟಿನಲ್ಲಿದೆ. ಟೈಟ್ ಮಾಡೋಕೆ ಆಗಲ್ವಾ? ಹಾಕಿದ್ದರಲ್ಲೇ ತಪ್ಪಾಗಿದೆಯಾ?

ಸ್ಪೈನ್ ಸರ್ಜನ್: ಟೈಟ್ ಮಾಡೋಕೆ ಆಗಲ್ಲ. ಮರದ ಚೌಕಟ್ಟಿನಲ್ಲಿ ಸ್ಕ್ರೂ ಸಡಿಲಾದರೆ ತೂತೇ ಅಗಲವಾಗಿರುತ್ತೆ, ತಿರುಗಿಸಿದಷ್ಟೂ ಸುಮ್ಮನೆ ಸುತ್ತುತ್ತೆ. ಇಲ್ಲೂ ಅಷ್ಟೇ.

ಕಶೇರುವಿನ ಹಿಂಭಾಗವನ್ನು ಮುಂದಿನ ದಪ್ಪ ದಿಂಡಿಗೆ ಜೋಡಿಸುವ ಎರಡು ಮೂಳೆ ಸೇತುವೆಗಳಿವೆ, ಎಡಕ್ಕೊಂದು ಬಲಕ್ಕೊಂದು. ಅದೇ ಪೆಡಿಕಲ್. ಹೊರಗೆ ಗಟ್ಟಿ ಚಿಪ್ಪು, ಒಳಗೆ ಸ್ಪಂಜಿನಂಥ ಮೂಳೆ. ಸೊಂಟದ ಈ ಜಾಗಕ್ಕೆ ಸಾಮಾನ್ಯವಾಗಿ 6.5 ಮಿಮೀ ದಪ್ಪ, 45 ಮಿಮೀ ಉದ್ದದ ಸ್ಕ್ರೂ ಹೋಗುತ್ತೆ. ಸ್ಕ್ರೂವನ್ನು ನೇರ ಕೀಳಲು ಬೇಕಾದ ಬಲದಲ್ಲಿ ಸುಮಾರು 60% ತಡೆಯುವುದು ಪೆಡಿಕಲ್ಲೇ, ಮುಂದಿನ ದಿಂಡಿನ ಪಾಲು ಕಡಿಮೆ. ಅದಕ್ಕೇ ಉದ್ದ ಹೆಚ್ಚಿಸುವುದಕ್ಕಿಂತ, ಪೆಡಿಕಲ್ ಒಡೆಯದಷ್ಟು ದಪ್ಪದ ಸ್ಕ್ರೂ ಆರಿಸುವುದರಲ್ಲಿ ಲಾಭ ಜಾಸ್ತಿ.

ಆದರೆ ನಿಜ ಜೀವನದಲ್ಲಿ ಸ್ಕ್ರೂ ನೇರ ಕಿತ್ತು ಬರುವುದು ಅಪರೂಪ. ದನ ಕಟ್ಟುವ ಗೂಟ ಕೀಳುವವರು ನೇರ ಮೇಲಕ್ಕೆ ಎಳೆಯುತ್ತಾರಾ? ಅತ್ತಿತ್ತ ಅಲ್ಲಾಡಿಸಿ ಗುಳಿ ಅಗಲ ಮಾಡ್ತಾರೆ. ಪ್ರತಿ ಸಲ ಬಗ್ಗಿ ಎದ್ದಾಗ ಸ್ಕ್ರೂವಿನ ತುದಿ ಹಾಗೇ ಕೂದಲೆಳೆಯಷ್ಟು ಮೇಲೆ ಕೆಳಗೆ ಆಡುತ್ತೆ. ಮೂಳೆ ಗಟ್ಟಿಯಿದ್ದರೆ ತಡೆದುಕೊಳ್ಳುತ್ತೆ, ಸವೆದಿದ್ದರೆ ಸುತ್ತಲಿನ ಸ್ಪಂಜು ಪುಡಿಯಾಗುತ್ತೆ. ಎಕ್ಸ್‌ರೇಯಲ್ಲಿ ಸ್ಕ್ರೂ ಸುತ್ತ 1 ಮಿಮೀಗಿಂತ ಅಗಲದ ಕಪ್ಪು ಅಂಚು ಕಂಡರೆ ಅದೇ ಈ ಗುಳಿ.

ಇನ್ನೊಂದು ಮಾತು. ಲೋಹ ಕೊನೆವರೆಗೂ ಹೊರೆ ಹೊರಲಿ ಅಂತ ಹಾಕುವುದಲ್ಲ. ಎರಡು ಕಶೇರುಗಳ ನಡುವೆ ಹಾಕಿದ ಮೂಳೆಪುಡಿ ಕೂಡಿ ಒಂದಾಗುವ ತನಕ, ಅಂದರೆ 6ರಿಂದ 12 ತಿಂಗಳು, ಅಲುಗದಂತೆ ಹಿಡಿದಿರಲಿ ಅಂತ. ಅಷ್ಟರಲ್ಲಿ ಮೂಳೆ ಕೂಡಲಿಲ್ಲ ಅಂದರೆ ಎಂಥ ಸ್ಕ್ರೂ ಆದರೂ ಸಡಿಲಾಗುತ್ತೆ, ಇಲ್ಲವೇ ರಾಡ್ ಮುರಿಯುತ್ತೆ. ಬೆನ್ನಿನ ಮೇಲೆ ಬೀಳುವ ಭಾರದ ಸುಮಾರು 80% ಮುಂಭಾಗದಲ್ಲೇ ಇಳಿಯುವುದು. ಅಲ್ಲಿ ಕೇಜ್ ಇಲ್ಲದಿದ್ದರೆ ಸ್ಕ್ರೂಗಳಿಗೆ ದುಡಿಮೆ ಹೆಚ್ಚು. ಅಷ್ಟರಿಂದಲೇ ತಪ್ಪು ಅನ್ನಲಾಗದು, ಕೇಜ್ ಇಲ್ಲದೆಯೂ ಕೂಡಿಕೊಳ್ಳುವವರು ಬೇಕಾದಷ್ಟಿದ್ದಾರೆ.

ಈಗ ಮಾಡಿಸಬೇಕಾದ್ದು: ಮುಂದೆ ಬಾಗಿ ಒಂದು, ಹಿಂದೆ ಬಾಗಿ ಒಂದು ಎಕ್ಸ್‌ರೇ, ತೆಳು ಸ್ಲೈಸಿನ ಸಿಟಿ, ವಿಟಮಿನ್ ಡಿ, ಕ್ಯಾಲ್ಸಿಯಂ, ಪಿಟಿಎಚ್ (ಕ್ಯಾಲ್ಸಿಯಂ ಹದದಲ್ಲಿಡುವ ಹಾರ್ಮೋನ್), ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆ ಸರಾಸರಿ), ಜೊತೆಗೆ ಇಎಸ್‌ಆರ್, ಸಿಆರ್‌ಪಿ. ಕೊನೆಯ ಎರಡು ಸೋಂಕಿಗೆ. ಚರ್ಮದಲ್ಲೇ ಇರುವ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಅನ್ನುವ ಬ್ಯಾಕ್ಟೀರಿಯಾ ಜ್ವರ, ಕೀವು ಯಾವುದನ್ನೂ ತೋರಿಸದೆ ಸ್ಕ್ರೂ ಸಡಿಲ ಮಾಡಬಲ್ಲದು. ಆಗ ಈ ಎರಡು ರಿಪೋರ್ಟೂ ನಾರ್ಮಲ್ ಬರುವುದುಂಟು. ಮರು ಆಪರೇಷನ್ ಆದರೆ ತೆಗೆದ ಮಾದರಿಯ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) 14 ದಿನ ಇಡಿ ಅಂತ ಲ್ಯಾಬಿಗೆ ಹೇಳಲೇಬೇಕು. ಮಾಮೂಲಿನಂತೆ ಬೇಗ ಮುಚ್ಚಿಬಿಟ್ಟರೆ ಅದು ಸಿಗುವುದಿಲ್ಲ.

ಪ್ರಶ್ನೆ (ಮೆಕ್ಯಾನಿಕಲ್ ಎಂಜಿನಿಯರ್): ಸರ್, ರಾಡ್ ಕೂರಿಸಿ ಮೇಲೆ ನಟ್ ಬಿಗಿಯುತ್ತಾರಲ್ಲ, ಆ ಟಾರ್ಕ್ (ತಿರುಗಿಸಿ ಬಿಗಿಯುವ ಬಲ) ಕಡಿಮೆಯಾದರೆ ಹೀಗಾಗಬಹುದಾ?

ಸ್ಪೈನ್ ಸರ್ಜನ್: ಅಲ್ಲಿ ಎರಡು ಬೇರೆ ಬೇರೆ ಹಿಡಿತ ಇವೆ. ಸ್ಕ್ರೂ–ಮೂಳೆ ಒಂದು, ಸ್ಕ್ರೂ–ರಾಡ್ ಇನ್ನೊಂದು. ನೀವು ಹೇಳಿದ್ದು ಎರಡನೆಯದು. ಅದಕ್ಕೆ ಕಂಪನಿ ಕೊಟ್ಟ ಟಾರ್ಕ್ ಹ್ಯಾಂಡಲ್ಲೇ ಬಳಸಬೇಕು. ಹಲವು ಸೆಟ್‌ಗಳಲ್ಲಿ 10–12 ನ್ಯೂಟನ್ ಮೀಟರ್ ಆಸುಪಾಸಿನಲ್ಲಿ 'ಟಕ್' ಅಂತ ಬಿಡುತ್ತೆ. ಎದುರು ದಿಕ್ಕಿಗೆ ತಡೆಹಿಡಿಯುವ ಕೌಂಟರ್ ಟಾರ್ಕ್ ಹಿಡಿಕೆ ಕೂರಿಸದೆ ಬಿಗಿದರೆ ಆ ತಿರುಚು ಪೂರ್ತಿ ಮೂಳೆಯ ಮೇಲೆ ಬೀಳುತ್ತೆ. ನಟ್ ಸಡಿಲಾದರೆ ರಾಡ್ ಜಾರುತ್ತೆ, ಸ್ಕ್ರೂ ಸುತ್ತ ಕಪ್ಪು ಅಂಚು ಬರಬೇಕೆಂದಿಲ್ಲ.

ಆಪರೇಷನ್ ಟೇಬಲ್ ಮೇಲೇ ಹಿಡಿತ ಕೆಡುವ ಸಂದರ್ಭಗಳಲ್ಲಿ ನನ್ನ ಲೆಕ್ಕದಲ್ಲಿ ದೊಡ್ಡದು ಬೇರೆಯೇ ಇದೆ. ರಾಡ್ ಸರಿಯಾಗಿ ಬಗ್ಗಿಸಿರುವುದಿಲ್ಲ, ಸ್ಕ್ರೂ ತಲೆಗೂ ರಾಡಿಗೂ 4–5 ಮಿಮೀ ಅಂತರ ಉಳಿದಿರುತ್ತೆ. ರಿಡ್ಯೂಸರ್ (ರಾಡನ್ನು ಸ್ಕ್ರೂ ತಲೆಗೆ ಕೂರಿಸುವ ಉಪಕರಣ) ಹಾಕಿ ಎಳೆದರೆ ರಾಡೇನೋ ಕೂರುತ್ತೆ, ಆದರೆ ಸವೆದ ಮೂಳೆಯಲ್ಲಿ ಸ್ಕ್ರೂ ಅಷ್ಟೂ ಮೇಲೆದ್ದಿರುತ್ತೆ. ಇನ್ನೊಂದು, ಬುಡ ದಪ್ಪ ತುದಿ ಸಣ್ಣ ಇರುವ ಸ್ಕ್ರೂವನ್ನು ತಲೆಯ ಎತ್ತರ ಹೊಂದಿಸಲು ಅರ್ಧ ಸುತ್ತು ಹಿಂದಕ್ಕೆ ತಿರುಗಿಸುವುದು. ಬೆಣೆ ಸಡಿಲಿಸಿದ ಹಾಗೆ, ಹಿಡಿತ ಕಡಿಮೆಯಾಗಬಹುದು. ಮೆತ್ತನೆ ಮೂಳೆಗೆ ಮೊದಲೇ ಟ್ಯಾಪ್ ಹಾಕುವುದಾದರೆ (ಸ್ಕ್ರೂಗೆ ಮರೆ ಕೊರೆಯುವುದು) ಸ್ಕ್ರೂಗಿಂತ 1 ಮಿಮೀ ಸಣ್ಣದು ಸಾಕು.

ಪ್ರಶ್ನೆ: ಮೂಳೆ ಸವೆದವರಿಗೆ ಸಿಮೆಂಟ್ ಹಾಕ್ತಾರಂತೆ. ಎಲ್ಲರಿಗೂ ಹಾಕಿಬಿಟ್ಟರೆ ಆಗಲ್ವಾ?

ಸ್ಪೈನ್ ಸರ್ಜನ್: ಬೇಡ. ಪಿಎಂಎಂಎ ಸಿಮೆಂಟನ್ನು ತುದಿಯಲ್ಲಿ ತೂತುಗಳಿರುವ ಸ್ಕ್ರೂ ಮೂಲಕ ಒಂದಕ್ಕೆ 1.5ರಿಂದ 3 ಎಂಎಲ್ ತಳ್ಳುತ್ತಾರೆ. ಹದ ಟೂತ್‌ಪೇಸ್ಟಿನ ಹಾಗಿರಬೇಕು. ನೀರಾಗಿದ್ದರೆ ಕಶೇರುವಿನ ರಕ್ತನಾಳ ಹಿಡಿದು ಶ್ವಾಸಕೋಶದವರೆಗೂ ಹೋಗಬಲ್ಲದು, ಹಿಂದಕ್ಕೆ ಬಂದರೆ ನರದ ಕಾಲುವೆಗೆ. ಆದ್ದರಿಂದ ಸಿ-ಆರ್ಮ್‌ನಲ್ಲಿ (ಆಪರೇಷನ್ ವೇಳೆ ಬಳಸುವ ಲೈವ್ ಎಕ್ಸ್‌ರೇ) ನೋಡುತ್ತಲೇ ತಳ್ಳಬೇಕು, ಗೆರೆಯಂತೆ ಹರಿದದ್ದು ಕಂಡ ಕೂಡಲೇ ನಿಲ್ಲಿಸಬೇಕು. ಮುಂದೆ ಸೋಂಕಾದರೆ ಆ ಸಿಮೆಂಟ್ ತೆಗೆಯುವುದು ದೊಡ್ಡ ತಲೆನೋವು.

ಫಿಸಿಯೋಥೆರಪಿಸ್ಟ್: ಮನೆಯಲ್ಲಿ ಗಮನಿಸಬೇಕಾದ್ದು ನಾನು ಹೇಳ್ತೀನಿ. ವಾಕಿಂಗ್ ನಿಲ್ಲಿಸಬೇಡಿ, ಸಮತಟ್ಟಾದ ಕಡೆ ನಡೆಯಲಿ. ಬಿಡಿಸಬೇಕಾದ್ದು ಬಗ್ಗಿ ಕಸ ಗುಡಿಸುವುದು, ಕೆಳಗೆ ಕೂತು ಬಟ್ಟೆ ಒಗೆಯುವುದು, ಮಣೆ ಮೇಲೆ ಕೂತು ತರಕಾರಿ ಹೆಚ್ಚುವುದು. ಬಕೆಟ್ಟಿಗೆ 4 ಲೀಟರ್‌ಗಿಂತ ಹೆಚ್ಚು ನೀರು ಬೇಡ. ಹಾಸಿಗೆಯಿಂದ ಏಳುವಾಗ ಮೊದಲು ಮಗ್ಗುಲಾಗಿ, ಕಾಲು ಕೆಳಗೆ ಬಿಟ್ಟು, ಮೊಣಕೈ ಊರಿ ಏಳಬೇಕು. ನೇರ ಮೇಲಕ್ಕೆ ಏಳಬಾರದು. ಕುಕ್ಕರಗಾಲಲ್ಲಿ ಕೂತಾಗ ಸೊಂಟ ಪೂರ್ತಿ ಬಾಗುತ್ತೆ, ಕಮೋಡ್ ಮಾಡಿಸಿ.

ಪ್ರಶ್ನೆ (ಮೊದಲು ಕೇಳಿದವರು): ಸರ್, ರಿಪೋರ್ಟ್ ಬಂತು. ಸಿಟಿಯಲ್ಲಿ ಇನ್ನೂ ಮೂಳೆ ಕೂಡಿಲ್ಲ, ಮಿಕ್ಕ ಮೂರು ಸ್ಕ್ರೂ ಸರಿ ಇವೆ. ಎಕ್ಸ್‌ರೇಯಲ್ಲಿ ಅಲುಗಾಟ ಕಾಣಲಿಲ್ಲ. ಸಿಟಿಯಲ್ಲೇ ಎಲ್1ರಲ್ಲಿ ಅಳೆದಾಗ 92 ಎಚ್‌ಯು (ಮೂಳೆ ಎಷ್ಟು ಗಟ್ಟಿ ಅನ್ನುವ ಸಿಟಿ ಅಳತೆ). ವಿಟಮಿನ್ ಡಿ 14. ಸೋಂಕಿನ ಎರಡೂ ಟೆಸ್ಟ್ ನಾರ್ಮಲ್. ಆದರೆ ಆಪರೇಷನ್‌ಗೆ ಮುಂಚಿನ ಡೆಕ್ಸಾದಲ್ಲಿ (ಮೂಳೆ ಸಾಂದ್ರತೆ ಪರೀಕ್ಷೆ) ಬೆನ್ನಿನ ಟಿ ಸ್ಕೋರ್ –1.4 ಮಾತ್ರ ಇತ್ತು. ಯಾವುದನ್ನು ನಂಬಲಿ?

ಸ್ಪೈನ್ ಸರ್ಜನ್: ಸಿಟಿಯನ್ನು. ವಯಸ್ಸಾದ ಬೆನ್ನಿನಲ್ಲಿ ಅಂಚಿಗೆ ಬೆಳೆದ ಮೂಳೆ ಮುಳ್ಳುಗಳನ್ನೂ ಡೆಕ್ಸಾ ಎಣಿಸಿಬಿಡುತ್ತೆ, ಅಂಕಿ ಚೆನ್ನಾಗಿ ಬರುತ್ತೆ. ಸಿಟಿ ದಿಂಡಿನ ಒಳಗಿನ ಸ್ಪಂಜನ್ನಷ್ಟೇ ಅಳೆಯುತ್ತೆ. ಎಲ್1ರಲ್ಲಿ 110ಕ್ಕಿಂತ ಕೆಳಗೆ ಅಂದರೆ ಆಸ್ಟಿಯೋಪೊರೋಸಿಸ್ (ಮೂಳೆ ಸವೆತ) ಅಂತಲೇ ಹಿಡಿಯಿರಿ. ಡಿ 20ಕ್ಕಿಂತ ಕಡಿಮೆ ಇದೆ, ಅದನ್ನು ತುಂಬಿಸಲೇಬೇಕು.

7 ತಿಂಗಳಿಗೆ ಕೂಡಿಲ್ಲ ಅಂದ ಮಾತ್ರಕ್ಕೆ ಸೋತಿತು ಅನ್ನುವ ಹಾಗಿಲ್ಲ. ಕಾಲಲ್ಲಿ ಬಲ ಇದೆ, ಅಲುಗಾಟ ಇಲ್ಲ, ಹಾಗಾಗಿ ಕಾಯಬಹುದು. ಮೂಳೆ ಕಟ್ಟುವ ಟೆರಿಪಾರಟೈಡ್ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ. ದಿನಕ್ಕೆ 20 ಮೈಕ್ರೋಗ್ರಾಂ, ಇನ್ಸುಲಿನ್ ಹಾಗೆ ಚರ್ಮದಡಿ, ಫ್ರಿಜ್ಜಿನಲ್ಲಿಡಬೇಕು. ಮೊದಲು ರೇಡಿಯೇಷನ್ ಆಗಿದ್ದರೆ, ಮೂಳೆ ಕ್ಯಾನ್ಸರ್ ಇದ್ದರೆ, ಕ್ಯಾಲ್ಸಿಯಂ ಹೆಚ್ಚಿದ್ದರೆ ಕೊಡುವುದಿಲ್ಲ. ಹೊಗೆಸೊಪ್ಪು ಹಾಕಿ ಎಲೆಯಡಿಕೆ ಹಾಕುವ ಅಭ್ಯಾಸ ಇದ್ದರೆ ಇವತ್ತೇ ಬಿಡಿಸಿ. ನಿಕೋಟಿನ್ ಇದ್ದಲ್ಲಿ ಮೂಳೆ ಕೂಡುವುದು ನಿಧಾನ.

12 ತಿಂಗಳಿಗೆ ಮತ್ತೆ ಸಿಟಿ. ಆಗಲೂ ಕೂಡದೆ ನೋವು ಇದ್ದರೆ ಆ ಸ್ಕ್ರೂ ತೆಗೆದು ಅದಕ್ಕಿಂತ 1–2 ಮಿಮೀ ಹೆಚ್ಚು ದಪ್ಪದ್ದು ಹಾಕಿ, ಡಿಸ್ಕ್ ಜಾಗಕ್ಕೆ ಕೇಜ್ ಇಡುವುದು ಮಾಮೂಲು. ಕೂಡಿಕೊಂಡಿದ್ದರೆ ಸಡಿಲ ಸ್ಕ್ರೂ ಅಲ್ಲೇ ಇದ್ದರೂ ತೊಂದರೆಯಿಲ್ಲ. ನಡುವೆ ಪಾದ ಎತ್ತಲಾಗದಿದ್ದರೆ, ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ, ಗಾಯದಿಂದ ನೀರು ಬಂದರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.