ಗಾದೆ ತಿರುಗಿಸಿ ಬರೆದ ಹನಿಗವನ: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಗಾದೆಗಳನ್ನು ಸ್ವಲ್ಪ ತಿರುಗಿಸಿ ಹನಿಗವನ ಬರೆಯುತ್ತಿದ್ದೇನೆ. ಒಂದು ಕಡೆ ಸಿಕ್ಕಿಕೊಂಡಿದ್ದೇನೆ, ನೋಡಿ ಹೇಳ್ತೀರಾ?

ಕೈ ಕೆಸರಾದರೆ ಬಾಯಿ ಮೊಸರು.
ಕೆಸರು ಇವನ ಕೈಗೆ,
ಮೊಸರು ಯಾರ ಬಾಯಿಗೆ?

ಮೊದಲ ಸಾಲಿನಲ್ಲಿ ಗಾದೆಯನ್ನು ಪೂರ್ತಿ ಹೇಳಿದ್ದು ಜಾಸ್ತಿ ಆಯ್ತು ಅನಿಸುತ್ತಿದೆ. ಕೆಸರು, ಮೊಸರು ಅಂತ ಕಿವಿಗೆ ಬಿದ್ದರೆ ಸಾಕು, ಉಳಿದದ್ದು ಓದುವವರಿಗೆ ತಾನಾಗಿಯೇ ನೆನಪಾಗುತ್ತದೆ ಅಲ್ವಾ? ಆ ಸಾಲು ತೆಗೆದರೆ ಪ್ರಶ್ನೆ ಇನ್ನೂ ಚುರುಕಾಗುತ್ತದೆ. ಆದರೆ ಗಾದೆಯನ್ನೇ ಕೇಳಿರದ ಮಕ್ಕಳು ಓದಿದರೆ? ಅವರಿಗೂ ತಲುಪಬೇಕು ಅನ್ನೋದು ನನ್ನ ಆಸೆ.

ಇನ್ನೊಂದು ಚಿಕ್ಕದು:

ಹಾಸಿಗೆ ಇದ್ದಷ್ಟು ಕಾಲು ಚಾಚಿದೆ,
ಕನಸು ಮಾತ್ರ ಹೊರಗೇ ಮಲಗಿತು.

ಇದು ನನಗೆ ತುಂಬಾ ಇಷ್ಟ. ಇಲ್ಲಿ ಗಾದೆಯನ್ನು ಅಲ್ಲಗಳೆದಿಲ್ಲ, ಅದು ಹೇಳದೆ ಬಿಟ್ಟದ್ದನ್ನು ಹೇಳಿದ್ದೇನೆ. ‘ಮಲಗಿತು’ ಸರಿಯೋ, ‘ಉಳಿಯಿತು’ ಸರಿಯೋ?

‘ಹೊಟ್ಟೆಕಿಚ್ಚು’, ‘ಕಣ್ಣಿಗೆ ಮಣ್ಣೆರಚು’ ಥರದ ನುಡಿಗಟ್ಟುಗಳನ್ನು ಇದ್ದ ಹಾಗೇ ನಿಜ ಅಂದುಕೊಂಡು, ನಿಜವಾದ ಕಿಚ್ಚು, ನಿಜವಾದ ಮಣ್ಣು ಅಂತ ಬರೆದವರು ಯಾರಾದರೂ ಇದ್ದೀರಾ? ನಿಮ್ಮ ಸಾಲು ಹಾಕಿ. ಎಲ್ಲಿ ನಿಲ್ಲಿಸಿದಿರಿ ಅನ್ನೋದನ್ನೂ ತಿಳಿಸಿ, ನನಗೆ ಬೇಕಿರುವುದು ಅದೇ.