ಕ್ಯಾಂಟನೀಸ್‌ನಲ್ಲಿ ಮಾತಿನ ನಡುವೆ ಬಾಯಿ ಹಾಕಬೇಕಾದಾಗ ಏನು ಹೇಳಬೇಕು?

ಪ್ರಶ್ನೆ:
ಕೆಲಸಕ್ಕೆಂದು ಹಾಂಗ್‌ಕಾಂಗ್‌ಗೆ ಬಂದು ಎಂಟು ತಿಂಗಳಾಯಿತು. ನಿನ್ನೆ ಕಚೇರಿಯ ಹಿರಿಯರೊಬ್ಬರು ಇನ್ನೊಬ್ಬರ ಜೊತೆ ಮಾತಿನಲ್ಲಿದ್ದರು. ನನಗೆ ಅವರ ಸಹಿ ತುರ್ತಾಗಿ ಬೇಕಿತ್ತು. ಪಕ್ಕಕ್ಕೆ ಹೋಗಿ ‘ತೋಯ್ ಮ್ ಚ್ಯೂ’ ಎಂದೆ. ಇಬ್ಬರೂ ಗಾಬರಿಯಿಂದ ತಿರುಗಿ, ಏನಾಯಿತು ಎಂದು ಕೇಳಿದರು! ಪುಸ್ತಕದಲ್ಲಿ ಅದಕ್ಕೆ ‘ಕ್ಷಮಿಸಿ’ ಎಂದೇ ಅರ್ಥವಿದೆ. ನಾನು ಎಡವಿದ್ದು ಎಲ್ಲಿ? ಆ ಹಿರಿಯರ ಮೇಲೆ ನನಗೆ ಬಹಳ ಗೌರವವಿದೆ, ಇನ್ನೊಮ್ಮೆ ಹೀಗಾಗಬಾರದು.

ಉತ್ತರ 1:
ಅರ್ಥ ಸರಿಯಾಗಿದೆ, ಸಂದರ್ಭ ಬೇರೆ. ‘ತೋಯ್ ಮ್ ಚ್ಯೂ’ ನಿಜವಾಗಿ ತಪ್ಪು ಮಾಡಿದವರ ಮಾತು. ಯಾರದೋ ಕಾಲು ತುಳಿದಾಗ, ಕೊಟ್ಟ ಮಾತು ತಪ್ಪಿದಾಗ ಹೇಳುವಂಥದ್ದು. ಅದಕ್ಕೇ ಅವರು ಗಾಬರಿಯಾದರು. ನಿಮಗೆ ಬೇಕಾಗಿದ್ದದ್ದು ‘ಮ್ ಹೋ ಯೀ ಸೀ’. ಇದರಲ್ಲಿ ತಪ್ಪೊಪ್ಪಿಗೆಗಿಂತ ಸಂಕೋಚವೇ ಹೆಚ್ಚು. ಅದರ ಬೆನ್ನಿಗೇ ‘ಚೋ ನೇ ಯತ್ ಚನ್’ ಎನ್ನಿ, ಅಂದರೆ ‘ಸ್ವಲ್ಪ ಹೊತ್ತು ತೊಂದರೆ ಕೊಡುತ್ತೇನೆ’. ಮಾತಿನ ನಡುವೆ ಹೋಗುವುದಕ್ಕೆ ಅವರಲ್ಲಿರುವ ಪದ ‘ಛಾಪ್ ಚೋಯ್’, ಬಾಯಿ ತೂರಿಸುವುದು. ನಾವು ಬಾಯಿ ಹಾಕುವುದು ಎನ್ನುತ್ತೇವಲ್ಲ, ಹಾಗೆಯೇ. ಇದನ್ನು ಮೊದಲ ಬಾರಿ ಕೇಳಿದಾಗ ಆ ಭಾಷೆ ನನಗೆ ತಟ್ಟನೆ ಹತ್ತಿರವಾಯಿತು.

ಹೊರಡುವಾಗ ‘ತಾ ಕಾವ್ ಸಾಯ್’ ಎನ್ನುವುದನ್ನು ಮರೆಯಬೇಡಿ. ‘ತೊಂದರೆ ಕೊಟ್ಟೆ’ ಎಂದು ಹೇಳಿ ಬೀಳ್ಕೊಳ್ಳುವ ಮಾತು ಅದು. ಹೊಸಬರು ಮಾತು ಶುರುಮಾಡುವುದನ್ನು ಕಲಿತು ಇದನ್ನು ಬಿಟ್ಟುಬಿಡುತ್ತಾರೆ.

ಉತ್ತರ 2:
ಅಪರಿಚಿತರನ್ನು ಕರೆಯುವುದಕ್ಕೆ ‘ಮ್ ಕೋಯ್’ ಸಾಕು, ನಮ್ಮ ‘ದಯವಿಟ್ಟು’ ಇದ್ದಂತೆ. ತುಂಬಿದ ರೈಲಿನಲ್ಲಿ ದಾರಿ ಬೇಕಾದರೆ ‘ಮ್ ಕೋಯ್, ಚೆ ಚೆ’. ಕೆಂಪು ಮಿನಿಬಸ್ಸಿನಲ್ಲಿ ಇಳಿಯಬೇಕೆಂದರೆ ‘ಯೌ ಲೋಕ್, ಮ್ ಕೋಯ್’ ಎಂದು ಚಾಲಕರಿಗೆ ಕೇಳುವಂತೆ ಗಟ್ಟಿಯಾಗಿ ಕೂಗಬೇಕು. ಅಲ್ಲಿ ಮೆಲುದನಿ ಮರ್ಯಾದೆಯಲ್ಲ.

ಉಚ್ಚಾರಣೆಯ ಬಗ್ಗೆ ಒಂದು ಮಾತು. ಇಂಗ್ಲಿಷ್ ಅಕ್ಷರಗಳಲ್ಲಿ ‘ಕೋಯ್’ ಅನ್ನು ‘ಗ’ಕಾರದಿಂದ ಬರೆದಿರುತ್ತಾರೆ, ಆದರೆ ಕಿವಿಗೆ ಬೀಳುವುದು ನಮ್ಮ ಅಲ್ಪಪ್ರಾಣದ ‘ಕ’. ಅಲ್ಪಪ್ರಾಣ, ಮಹಾಪ್ರಾಣಗಳ ವ್ಯತ್ಯಾಸ ಬಲ್ಲ ನಮಗೆ ಇದು ದೊಡ್ಡ ಅನುಕೂಲ. ‘ಮ್’ ಅನ್ನು ತಗ್ಗಿನ ಸ್ವರದಲ್ಲಿ ನುಡಿದು ‘ಕೋಯ್’ ಅನ್ನು ಎತ್ತರದಲ್ಲೇ ನಿಲ್ಲಿಸಿ. ಪ್ರಶ್ನೆ ಕೇಳುವಂತಿದ್ದರೆ ‘ಛಿಂಗ್ ಮನ್’, ಅಂದರೆ ‘ಒಂದು ಮಾತು ಕೇಳಬಹುದೇ’, ಸೇರಿಸಿಕೊಳ್ಳಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಇಂದು ಬೆಳಿಗ್ಗೆ ಅದೇ ಹಿರಿಯರ ಬಳಿ ‘ಮ್ ಹೋ ಯೀ ಸೀ, ಚೋ ನೇ ಯತ್ ಚನ್’ ಎಂದೆ. ಪೆನ್ನು ಕೈಗೆತ್ತಿಕೊಳ್ಳುತ್ತಲೇ ‘ಮ್ ಕನ್ ಯೀವ್’, ಪರವಾಗಿಲ್ಲ ಎಂದರು. ‘ತಾ ಕಾವ್ ಸಾಯ್’ ಹೇಳಿದಾಗ ತಲೆಯೆತ್ತಿ ನೋಡಿ ನಕ್ಕರು.