ವಂಶದಿಂದ ಬರದ ‘ವಂಶವಾಹಿ’ ತೊಂದ್ರಿಗೆ ಏನನ್ನೂಣ್ರಿ?

ಎಲ್ಲಾರಿಗೂ ನಮಸ್ಕಾರ್ರಿ, ನಾ ಮುಧೋಳ ಕಡ್ಯಾವ. ಮನ್ಯಾಗಿನ ಒಂದು ವಿಷಯಕ್ಕ ಎರಡು ಪದ ಬೇಕಾಗಿದ್ವು, ಒಂದು ಹೆಂಗೋ ಹೊಂದಿಸಿಕೊಂಡೆ, ಇನ್ನೊಂದು ಸಿಗವಲ್ದು.

ತಮ್ಮನ ಮಗಳಿಗೆ ಒಂಬತ್ತು ತಿಂಗಳು, ಇನ್ನೂ ಗೋಣ ನಿಂತಿಲ್ಲ, ದಿನಾ ಏಳೆಂಟು ಸಲ ಕೈಕಾಲು ಒಳಗ ಸೆಳಕೊಂಡು ಝಟಕಾ ಬರತೈತಿ. ಬೆಳಗಾವ್ಯಾಗ ಎಂಆರ್‌ಐ ಮಾಡಿಸಿದ್ರ ಲಿಸೆನ್‌ಸೆಫಲಿ ಅಂತ ಬಂತು. ಗ್ರೀಕಿನ್ಯಾಗ ಲಿಸ್ಸೋಸ್ ಅಂದ್ರ ನುಣ್ಣಂದು, ಎನ್ಕೆಫಲೋಸ್ ಅಂದ್ರ ಮಿದುಳು. ನಾನೂ ಅದನ್ನ ಹಂಗ ಅವ್ವಗ ಹೇಳಿದೆ, ಕೂಸಿನ ಮಿದುಳ ನುಣ್ಣಗ ಐತಂತ ಅಂತ. ‘ನುಣ್ಣಗಿದ್ರ ಚಲೋನ ಆತಲ್ಲೋ’ ಅಂದ್ಲು. ಆಕಿ ತಪ್ಪಲ್ಲ ಬಿಡ್ರಿ, ಹಿಟ್ಟು ನುಣ್ಣಗ, ಗ್ವಾಡಿ ನುಣ್ಣಗ, ದೂರದ ಬೆಟ್ಟಾನೂ ನುಣ್ಣಗ, ಎಲ್ಲಾ ಹೊಗಳಿಕಿನ. ಬೋಳು ಅಂದ್ರ ಬೈದಂಗ ಆಕ್ಕೈತಿ.

ಡಾಕ್ಟರು ‘ಮಡಿಕೆ ಮೂಡಿಲ್ಲ’ ಅಂದಿದ್ರಂತ, ತಮ್ಮಗ ಅದೂ ತಿಳಿದಿಲ್ಲ, ಯಾಕಂದ್ರ ನಮ್ಮ ಕಡೆ ಮಡಕಿ ಅಂದ್ರ ಉಸಳಿ ಮಾಡೋ ಕಾಳು, ಇಲ್ಲಾ ಹೊಲಾ ಹೊಡಿಯೋ ಮಡಿಕಿ. ಕಡೀಕ ಕಬ್ಬಿನ ಹೊಲಾ ನೆನಪಾತು, ಮಿದುಳಿನ ಮ್ಯಾಲಿನ ಉಬ್ಬು ಬೋದು, ತೆಗ್ಗು ಸಾಲು. ಆಮ್ಯಾಲೆ ನೋಡಿದ್ರ ಡಾಕ್ಟರ್ ಭಾಷಾದಾಗ ಆ ತೆಗ್ಗಿಗೆ ಸಲ್ಕಸ್ ಅಂತಾರ, ಲ್ಯಾಟಿನ್ನಿನ್ಯಾಗ ಅದರ ಅರ್ಥಾನೂ ನೇಗಿಲ ಸಾಲು! ‘ಬೋದು-ಸಾಲು ಬಿಡದ ಹೊಲದಂಗ ಐತಿ ನೋಡವ್ವಾ’ ಅಂದೆ. ಒಂದು ಗಳಿಗಿ ಸುಮ್ಮನ ಕುಂತ್ಲು, ‘ಹಂಗಾರ ನೀರು ಹೆಂಗ ಹಾಯ್ತೈತೋ’ ಅಂದ್ಲು. ಅದಕ್ಕಿಂತ ಚಲೋ ಯಾರೂ ಹೇಳಿಲ್ಲ ನನಗ.

ಸಾಲು ಯಾಕ ಮೂಡಲಿಲ್ಲ ಅಂದ್ರ, ಹೊಟ್ಟ್ಯಾಗ ಮೂರರಿಂದ ಆರು ತಿಂಗಳ ನಡುವ ನರಕೋಶ ಮಿದುಳಿನ ಒಳಭಾಗದಾಗ ಹುಟ್ಟಿ ಹೊರಗಿನ ಪದರಕ್ಕ ಹೋಗಬೇಕು, ಆಮ್ಯಾಲೆ ಹುಟ್ಟಿದ್ದು ಮೊದಲ ಹುಟ್ಟಿದ್ದನ್ನ ದಾಟಿ ಹೋಗಬೇಕು, ಹಿಂಗ ಆರು ಪದರ ಆಗಬೇಕು. ಇದರಾಗ ಅವು ಹಾದ್ಯಾಗ ನಿಂತು ನಾಕು ದಪ್ಪ ಪದರ ಆಗಿ ಕುಂತಬಿಡ್ತಾವ. ಪುಸ್ತಕದಾಗ ‘ನರಕೋಶಗಳ ವಲಸೆ’ ಅಂತ ಬರೀತಾರ, ನಾ ಗುಳೆ ಅನ್ನೂಣು ಅಂದ್ಕೊಂಡಿದ್ದೆ, ಆದ್ರ ಗುಳೆ ಹೋದವ್ರು ಮಳಿ ಬಿದ್ದ ಮ್ಯಾಲೆ ತಿರುಗಿ ಬರತಾರ, ಇವು ಬರೂದಿಲ್ಲ. ವಲಸೆನ ಇರ್ಲಿ.

ಖರೇ ತ್ರಾಸು ಮುಂದೈತಿ. ಜೀನ್ ಟೆಸ್ಟಿನ್ಯಾಗ 17ನೇ ಕ್ರೋಮೋಸೋಮಿನ (ಜೀನ್ ಹೊತ್ತಿರೋ ಎಳಿ) ಲಿಸ್1 ಅನ್ನೋ ಜೀನ್ ಕೆಟ್ಟೈತಿ ಅಂತ ಬಂತು. ತಾಯಿ ತಂದಿ ರಕ್ತಾನೂ ನೋಡಿದ್ರು, ಇಬ್ಬರಾಗೂ ಇಲ್ಲ. ಲಿಸ್1 ಕೆಟ್ಟಾಗ ಹೆಚ್ಚಾಗಿ ಹಿಂಗ, ಕೂಸಿನ್ಯಾಗ ಹೊಸದಾಗಿ ಆದದ್ದು. ಆದ್ರ ನಾ ಮೊದಲ ಸಲ ರಿಪೋರ್ಟ್ ಓದಿ ಹೇಳುವಾಗ ‘ಅನುವಂಶಿಕ ಕಾಯಿಲೆ’ ಅಂದುಬಿಟ್ಟೆ. ಸೋದರತ್ತಿ ಒಬ್ಬಾಕಿ ಅದನ್ನ ಹಿಡಕೊಂಡು ‘ನಮ್ಮ ವಂಶದಾಗ ಇಂಥಾದ್ದಿಲ್ಲ, ಆಕಿ ತವರಮನಿ ಕಡಿಂದನ ಬಂದಿರಬೇಕು’ ಅಂತ ಶುರು ಮಾಡಿದ್ಲು, ತಮ್ಮನ ಹೆಂಡ್ತಿ ಎರಡು ದಿನ ಊಟಾ ಬಿಟ್ಲು. ಪದಾ ಕೊಟ್ಟಾವ ನಾನ. ತಿದ್ದೂಣು ಅಂದ್ರ ಜೀನಿಗೆ ಇರೋ ಕನ್ನಡ ಪದಾನ ವಂಶವಾಹಿ, ಅದರಾಗೂ ವಂಶ ಕುಂತೈತಿ!

ಹಂಗಂತ ಅನುವಂಶಿಕ ಅನ್ನೋದು ಬ್ಯಾಡಂತಲ್ಲ. ಇದ ಜಡ್ಡು ಎಕ್ಸ್ ಕ್ರೋಮೋಸೋಮಿನ ಡಿಸಿಎಕ್ಸ್ ಜೀನ್ ಕೆಟ್ಟೂ ಬರತೈತಿ, ಅಲ್ಲಿ ತಾಯಿಂದ ಗಂಡಮಗಗ ಬರಬಹುದು, ತಾಯಿಗೆ ಹಗುರ ಲಕ್ಷಣ ಅಷ್ಟ ಇರಬಹುದು. ಅಲ್ಲಿ ಆ ಪದಾನ ಬೇಕು. ಎರಡಕ್ಕೂ ಒಂದ ಪದಾ ಇರೂದ ತೊಂದ್ರಿ.

‘ಜೀನ್ ದೋಷ’ ಅಂದ್ರ ಮಂದಿ ನಾಗದೋಷಕ್ಕ ಹೋಗಿ ಮುಟ್ಟತಾರ. ‘ಬೀಜದ ತಪ್ಪು’ ಅಂದ್ರ ತಮ್ಮನ ಮ್ಯಾಲೆ ಬರತೈತಿ. ‘ಜನ್ಮಜಾತ’ ಭಾಳ ಸಡಿಲ. ನನಗ ಹೊಳದದ್ದು ‘ನಕಲು ತಪ್ಪು’, ಅಂದ್ರ ಮೂಲ ದಫ್ತರದಾಗ ಎಲ್ಲಾ ಸರಿ ಇದ್ದು ಹೊಲದ ಉತಾರ (ಪಹಣಿ) ನಕಲು ಮಾಡುವಾಗ ಒಂದು ಅಕ್ಷರ ಹೆಚ್ಚುಕಮ್ಮಿ ಆದಂಗ. ಅತ್ತಿಗೂ ಉತಾರ ಅಂದಕೂಡ್ಲೆ ತಿಳೀತು, ಆದ್ರ ಕಾಗದದ ಮ್ಯಾಲೆ ಇದು ನಿಲ್ತೈತೋ ಇಲ್ಲೋ. ದವಾಖಾನ್ಯಾಗ ಕನ್ನಡದಾಗ ತಿಳಿಸಿ ಹೇಳೋ ಕೆಲಸದಾಗ ಯಾರರ ಇದ್ರ ನೀವೇನಂತೀರಿ ಹೇಳ್ರಿ. ಆಶಾ ಕಾರ್ಯಕರ್ತಿ ಕೂಸಿನ ಕಾರ್ಡಿನ್ಯಾಗ ಏನಂತ ಬರೀಲಿ ಅಂತ ಕೇಳ್ಯಾಳ, ಶುಕ್ರವಾರ ಮತ್ತ ಬರತಾಳ.